ಮೊಮ್ಮಗನ ಆಟ ಅಜ್ಜಿಗೂ ತಿಳಿಯಲಿ

ಹಲಸಂಗಿಯಲ್ಲೋ ಇಂಡಿಯಲ್ಲೋ ಕೂತು ಈ ಕಾರ್ಯಕ್ರಮ ನೋಡ್ತಿದ್ದೀರಿ. ಮಗ-ಸೊಸೆ ಕೆನಡಾದಲ್ಲಿದ್ದಾರೆ ಅಂದುಕೊಳ್ಳಿ. ಮೊಮ್ಮಗನ ಆಟದ ವಿಡಿಯೊ ಫೋನಿಗೆ ಬರುತ್ತೆ. ಮೈತುಂಬಾ ಕವಚ, ಕೈಯಲ್ಲಿ ಕೋಲು, ಕಾಲ ಕೆಳಗೆ ಮಂಜುಗಡ್ಡೆ. ನಿಮ್ಮ ಮೊದಲ ಪ್ರಶ್ನೆ, ‘ಚೆಂಡು ಎಲ್ಲೈತಿ?’ ಎರಡನೇದು, ‘ಕೂಸಿಗೆ ಪೆಟ್ಟು ಬೀಳಂಗಿಲ್ಲೇನು?’ ಅಲ್ಲಿಗೆ ಹೊಸದಾಗಿ ಹೋದ ತಂದೆ-ತಾಯಿಯ ಪ್ರಶ್ನೆಗಳೂ ಇವೇ.

ನೋಡಿ, ಐಸ್ ಹಾಕಿಯಲ್ಲಿ ಚೆಂಡೇ ಇಲ್ಲ. ಇರೋದು ಪಕ್. ಗಟ್ಟಿ ರಬ್ಬರಿನ ಬಿಲ್ಲೆ; ಅಗಲ 3 ಇಂಚು, ದಪ್ಪ 1 ಇಂಚು. ಒಂದು ತಂಡದಲ್ಲಿ ಗೋಲ್‌ಕೀಪರ್ ಸೇರಿ 6 ಜನ ಕಣದಲ್ಲಿ. ದೊಡ್ಡವರ ಪಂದ್ಯ ಅಂದ್ರೆ 20 ನಿಮಿಷದ 3 ಅವಧಿ. ಒಬ್ಬ ಆಟಗಾರ ಸುಮಾರು ಒಂದು ನಿಮಿಷ ಆಡಿ ಹೊರಗೆ ಬರ್ತಾನೆ, ಇನ್ನೊಬ್ಬ ಒಳಗೆ ಹೋಗ್ತಾನೆ. ಆಟ ನಿಲ್ಲೋದಿಲ್ಲ. ಹುಡುಗ ಹೊರಗೆ ಬಂದ ಅಂದ್ರೆ ಔಟ್ ಆದ ಅಂತಲ್ಲ!

ಇನ್ನು ಆಫ್‌ಸೈಡ್. ಎದುರಾಳಿಯ ನೀಲಿ ಗೆರೆಯನ್ನ ಮೊದಲು ಪಕ್ ದಾಟಬೇಕು, ಆಮೇಲೆ ಆಟಗಾರರು. ಮದುಮಗ ಬರೋ ಮೊದಲೇ ದಿಬ್ಬಣದವರು ಊಟಕ್ಕೆ ಕೂತರೆ ಹೇಗೆ? ಹಾಗೆ. ಕೋಲಿನಿಂದ ಎಡವಿಸಿದರೆ, ಹಿಡಿದೆಳೆದರೆ 2 ನಿಮಿಷ ಶಿಕ್ಷೆ. ತಪ್ಪು ಮಾಡಿದವನು ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರಬೇಕು; ಅವನ ತಂಡ ಒಬ್ಬ ಕಡಿಮೆ ಇಟ್ಟುಕೊಂಡೇ ಆಡಬೇಕು. ಕಬಡ್ಡಿ ನೋಡಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕೇ?

ಈಗ ಪೆಟ್ಟಿನ ವಿಷಯ. ಟಿವಿಯಲ್ಲಿ ದೊಡ್ಡವರು ಮೈಮೇಲೆ ಬಿದ್ದು ಗುದ್ದಾಡ್ತಾರೆ, ನಿಜ. ಆದರೆ ಹಾಕಿ ಕೆನಡಾ ಸಂಸ್ಥೆ 13 ವರ್ಷದೊಳಗಿನವರ ವಿಭಾಗದಲ್ಲಿ, ಅದಕ್ಕಿಂತ ಚಿಕ್ಕವರಲ್ಲಿ ‘ಬಾಡಿ ಚೆಕಿಂಗ್’ ಅನ್ನೋ ಮೈಗುದ್ದನ್ನೇ ನಿಷೇಧಿಸಿದೆ. ಮುಖಕ್ಕೆ ಜಾಲರಿ ಇರೋ ಹೆಲ್ಮೆಟ್, ಕುತ್ತಿಗೆಗೆ ಪಟ್ಟಿ ಕಡ್ಡಾಯ. ಆದರೂ ತಲೆಗೆ ಏಟು ಬಿದ್ದು ಹುಡುಗ ಮಂಕಾದರೆ ಆ ದಿನ ಆಟ ಬಂದ್, ಸೀದಾ ಡಾಕ್ಟರ್ ಹತ್ತಿರ. ಗೋಲು ನಾಳೆ ಹೊಡೆಯಬಹುದು ಸ್ವಾಮಿ, ತಲೆ ಒಂದೇ.

ಇಷ್ಟೆಲ್ಲ ಕನ್ನಡದಲ್ಲಿ ಯಾಕೆ ಹೇಳಬೇಕು? ಪಂಜಾಬಿಗಳನ್ನ ನೋಡಿ. ಕೆನಡಾದಲ್ಲಿ 2008ರಿಂದ ಈ ಆಟಕ್ಕೆ ಪಂಜಾಬಿ ಕಾಮೆಂಟರಿ ಇದೆ. 2016ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಹರ್‌ನಾರಾಯಣ್ ಸಿಂಗ್ ‘ಬೊನಿನೊ, ಬೊನಿನೊ’ ಅಂತ ಕೂಗಿದ ಗೋಲು ಲೋಕವೆಲ್ಲ ಕೇಳಿತು. ಇಂಗ್ಲಿಷ್ ಬಾರದ ಅಜ್ಜ-ಅಜ್ಜಿ ಮೊಮ್ಮಕ್ಕಳ ಪಕ್ಕ ಕೂತು ಪಂದ್ಯ ನೋಡುವಂತಾಯ್ತು.

ನಮ್ಮವರೇನು ಕಡಿಮೆಯೇ? ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನ ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಅಂತ ಪುಸ್ತಕ ತಂದವರು ಹಲಸಂಗಿ ಗೆಳೆಯರು. ಮನೆಯ ಮಾತಿಗೆ ಎಷ್ಟು ಬಲ ಇದೆ ಅಂತ ಆ ಊರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಅದಕ್ಕೇ ಒಂದು ಮಾತು. ಮುಂದಿನ ವಿಡಿಯೊ ಕಾಲ್‌ನಲ್ಲಿ ‘ಊಟ ಆತೇನು?’ ಅಂತ ಕೇಳಿ ಸುಮ್ಮನಾಗಬೇಡಿ. ‘ಆಫ್‌ಸೈಡ್ ಹೆಂಗಾತಪಾ?’ ಅಂತ ಕೇಳಿ. ಅವನು ಉತ್ಸಾಹದಿಂದ ಹೇಳ್ತಾನೆ. ನಿಮಗೆ ತಿಳಿಯೋ ಹಾಗೆ ಹೇಳಬೇಕು ಅಂದ್ರೆ ಕನ್ನಡದಲ್ಲೇ ಹೇಳಬೇಕು.