ನಾಲ್ಕನೇ ರಾಶಿ

(ನಮ್ಮ ಸಂಘದ ಮಹಿಳಾ ವಿಭಾಗದ ಮೇ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಈ ತಿಂಗಳ ಕೂಟದಲ್ಲಿ ನೀವು ಮಾತಾಡಬೇಕು ಎಂದು ಫೋನ್ ಬಂದಾಗ ನಾನು ಸ್ಟೂಲಿನ ಮೇಲೆ ನಿಂತು ಅಡುಗೆಮನೆಯ ಅಟ್ಟದಿಂದ ಡಬ್ಬಗಳನ್ನು ಇಳಿಸುತ್ತಿದ್ದೆ. "ವಿಷಯ ಏನು?" ಎಂದು ಕೇಳಿದೆ. "ನೀವು ದೆಹಲಿಗೆ ಹೋಗ್ತಾ ಇದ್ದೀರಲ್ಲ, ಮನೆ ಸಾಗಿಸುವವರಿಗೆ ನಾಲ್ಕು ಉಪಯುಕ್ತ ಸಲಹೆ ಕೊಡಿ, ಸಾಕು" ಎಂದರು. ಸಲಹೆ ಕೊಡುವಷ್ಟು ಜಾಣತನ ನನ್ನಲ್ಲಿ ಇದ್ದಿದ್ದರೆ ಆ ಹೊತ್ತಿಗೆ ನನ್ನ ಸುತ್ತ 27 ಪ್ಲಾಸ್ಟಿಕ್ ಡಬ್ಬಗಳೂ ಬರೀ 8 ಮುಚ್ಚಳಗಳೂ ಬಿದ್ದಿರುತ್ತಿರಲಿಲ್ಲ. ಆದರೂ ಒಪ್ಪಿಕೊಂಡೆ. ಹದಿನೈದು ವರ್ಷ ಈ ಕೂಟಕ್ಕೆ ಬಂದು ಉಪ್ಪಿಟ್ಟು ತಿಂದು ಹೋದವಳು ಹೊರಡುವ ಮೊದಲು ಒಮ್ಮೆಯಾದರೂ ಮಾತಾಡಬೇಡವೇ?

ನಮ್ಮ ಮನೆಯ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ಮಾರ್ಚ್ ಕೊನೆಯಲ್ಲಿ ನನ್ನ ಯಜಮಾನರಿಗೆ ದೆಹಲಿಗೆ ವರ್ಗವಾಯಿತು. ಡೊಂಬಿವಲಿಯಿಂದ ದೆಹಲಿ ಸುಮಾರು 1,400 ಕಿಲೋಮೀಟರ್. ಅವರು ಮೊದಲು ಹೇಳಿದ್ದು, "ನಾನೊಬ್ಬನೇ ಹೋಗ್ತೇನೆ, ನೀವು ಇಲ್ಲೇ ಇರಿ" ಅಂತ. ಎರಡು ರಾತ್ರಿ ಕೂತು ಲೆಕ್ಕ ಹಾಕಿದೆವು. ಮಗಳು ಎಂಟನೆಯದು ಮುಗಿಸಿದ್ದಳು. ಅಲ್ಲಿ ಸಿಬಿಎಸ್‌ಇ ಶಾಲೆಗೆ ಸೇರಿಸುವುದಾದರೆ ಒಂಬತ್ತನೆಯ ತರಗತಿಯಲ್ಲೇ ಬೋರ್ಡಿನ ನೋಂದಣಿ ಆಗಿಬಿಡುತ್ತದೆ. ಆಮೇಲೆ ಹತ್ತನೆಯದಕ್ಕೆ ನೇರವಾಗಿ ಸೇರಿಸಲು ಬೋರ್ಡಿನ ಅನುಮತಿ, ಕಾರಣ, ಕಾಗದಪತ್ರ ಎಂದು ಓಡಾಡಬೇಕು. ಹೋಗುವುದಾದರೆ ಈ ವರ್ಷ, ಇಲ್ಲವಾದರೆ ಇನ್ನೆರಡು ವರ್ಷ ಸುಮ್ಮನಿರಬೇಕು. ಎಲ್ಲರೂ ಒಟ್ಟಿಗೆ ಹೋಗುವುದು ಎಂದು ತೀರ್ಮಾನಿಸಿದೆವು. ಜೂನ್ ಎರಡನೇ ವಾರ ಲಾರಿ ಬರುತ್ತದೆ. ಇಲ್ಲಿ ಮಳೆ ಹಿಡಿಯುವ ಹೊತ್ತಿಗೆ ನಾವು ಅಲ್ಲಿಯ ಉರಿಬಿಸಿಲಿನಲ್ಲಿ ಇರುತ್ತೇವೆ.

ತೀರ್ಮಾನ ಆದ ಮರುದಿನವೇ ನಾನು ಸೊಂಟಕ್ಕೆ ಸೆರಗು ಕಟ್ಟಿದೆ. ಹಾಲಿನಲ್ಲಿ ನಾಲ್ಕು ರಾಶಿ ಮಾಡಿದೆ. ಒಯ್ಯುವುದು ಒಂದು, ಕೊಡುವುದು ಒಂದು, ಮಾರುವುದು ಒಂದು. ನಾಲ್ಕನೆಯದು, ಏನು ಮಾಡಬೇಕೆಂದು ಇನ್ನೂ ಗೊತ್ತಾಗದ್ದು. ವಾರ ಕಳೆಯುವಷ್ಟರಲ್ಲಿ ಮೊದಲ ಮೂರು ರಾಶಿ ಹಾಗೆಯೇ ಇದ್ದವು, ನಾಲ್ಕನೆಯದು ಮಾತ್ರ ಟಿವಿಯನ್ನೇ ಮುಚ್ಚುವಷ್ಟು ಬೆಳೆದಿತ್ತು. ಮಗಳ ಒಂದನೇ ಕ್ಲಾಸಿನ ಚಿತ್ರಪುಸ್ತಕ, ಮದುವೆಯಲ್ಲಿ ಬಂದ ಹನ್ನೊಂದು ಸ್ಟೀಲ್ ತಟ್ಟೆಗಳು, ಯಜಮಾನರು 2008ರಲ್ಲಿ ಕೊಂಡ ಸ್ಕೂಟರಿನ ಕೀಲಿ. ಆ ಸ್ಕೂಟರನ್ನು ಅವರು ಒಯ್ಯಲೇಬೇಕು ಎಂದಿದ್ದರು. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಎಂದು ವರ್ಷಗಳಿಂದ ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಅದನ್ನು ಹೇಳಿದ ಮೇಲೆ ಅರ್ಧ ದಿನ ಮಾತಾಡಲಿಲ್ಲ.

ಇನ್ನು ಅತ್ತೆಯವರ ರುಬ್ಬುವ ಕಲ್ಲು. ನಮ್ಮತ್ತೆ ಮದುವೆಯಾಗಿ ಉಡುಪಿ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದದ್ದು 1972ರಲ್ಲಿ. ಆಗ ಕೊಂಕಣ ರೈಲು ಇಲ್ಲ. ಘಟ್ಟ ಹತ್ತಿ ಇಳಿದು ಬಸ್ಸಿನಲ್ಲಿ ಬರಬೇಕು. ಮಾವನವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದವರು. ಎರಡು ವರ್ಷದ ನಂತರ ಊರಿಗೆ ಹೋದಾಗ ಅತ್ತೆ ಈ ಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದರು. ಚಾಳಿನಿಂದ ಈಗಿನ ಫ್ಲ್ಯಾಟಿಗೂ ಅದು ಬಂತು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಬಾಲ್ಕನಿಯಲ್ಲಿ ಕೂತಿದೆ. ಸಾಮಾನು ನೋಡಿ ರೇಟು ಹೇಳಲು ಬಂದ ಹುಡುಗ ಅದನ್ನು ನೋಡಿ, "ಭಾಭೀ, ಯೇ ಪತ್ಥರ್ ಭೀ ಜಾಯೇಗಾ?" ಎಂದ. ನಾನು ತಕ್ಷಣ "ನಹೀ" ಎಂದೆ. ಅತ್ತೆ ಅಲ್ಲೇ ಕೂತು ಹೂ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ನಗುವ ವಿಷಯ. ಮುಂದಿನದನ್ನು ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮ ನಮ್ಮಲ್ಲೇ ಇರುವ ಕೂಟ, ಹೇಳಿಬಿಡುತ್ತೇನೆ.

ಏಪ್ರಿಲ್ ಮಧ್ಯದಲ್ಲಿ ಒಂದು ಸಂಜೆ ಅತ್ತೆಯವರ ಬಿಪಿ ಮಾತ್ರೆಯ ಡಬ್ಬ ಕಾಣಲಿಲ್ಲ. ಹುಡುಕುತ್ತಾ ಅವರ ಮಂಚದ ಕೆಳಗೆ ನೋಡಿದರೆ ಒಂದು ಬಟ್ಟೆಯ ಚೀಲ. ಅದರಲ್ಲಿ ನಾಲ್ಕು ಸೀರೆ, ಮಾತ್ರೆಗಳು, ಮಾವನವರ ಫೋಟೋ, ಪಿಂಚಣಿಯ ಪಾಸ್‌ಬುಕ್, ಒಂದು ಪೊಟ್ಟಣದಲ್ಲಿ ತುಳಸಿಬೀಜ. "ಇದೇನತ್ತೆ, ಈಗಲೇ ಕಟ್ಟಿದ್ದೀರಿ? ಇನ್ನೂ ಎರಡು ತಿಂಗಳಿದೆ" ಎಂದೆ. ಅವರು ಬಹಳ ಸಹಜವಾಗಿ ಹೇಳಿದರು, "ನನ್ನನ್ನು ಊರಿಗೆ ಬಿಡುವುದು ಯಾವಾಗ ಅಂತ ನೀವು ಹೇಳ್ಲಿಲ್ಲ. ಯಾವಾಗ ಹೇಳಿದ್ರೂ ತಯಾರಿರ್ಲಿ ಅಂತ."

ನಾವು ಅವರಿಗೆ ಹಾಗೆ ಹೇಳಿರಲಿಲ್ಲ. ಆದರೆ ಕೋಣೆಯ ಬಾಗಿಲು ಹಾಕಿಕೊಂಡು ಆ ಮಾತು ಆಡಿದ್ದೆವು. "ದೆಹಲಿ ಚಳಿ ಅವರಿಗೆ ಆಗ್ಲಿಕ್ಕಿಲ್ಲ, ಮಂಡಿನೋವು ಬೇರೆ, ಸ್ವಲ್ಪ ಸಮಯ ಊರಲ್ಲಿ ಭಾವನ ಮನೆಯಲ್ಲಿ ಇರ್ಲಿ" ಎಂದು. ಒಂದು ಬೆಡ್‌ರೂಮ್ ಮನೆಯ ಬಾಗಿಲಿಗೆ ಎಷ್ಟು ದಪ್ಪ ಇರುತ್ತದೆ ಎಂದು ನಿಮಗೆಲ್ಲ ಗೊತ್ತು. ಆ ಮಾತನ್ನು ಮೊದಲು ತೆಗೆದವರು ಯಜಮಾನರಲ್ಲ, ನಾನು. ಚಳಿ, ಮಂಡಿ ಎರಡೂ ನಿಜ. ಅದರ ಜೊತೆಗೆ, ಹೊಸ ಊರಿನಲ್ಲಿ ಒಂದು ಕೆಲಸ ಕಡಿಮೆಯಾಗುತ್ತದಲ್ಲ ಎಂಬ ಆಸೆಯೂ ನನ್ನೊಳಗೆ ಇತ್ತು. ಅದೂ ನಿಜ.

ಹಾಲಿನಲ್ಲಿ ನಾಲ್ಕು ರಾಶಿ ಮಾಡಿದವಳಿಗೆ ಆ ಹೊತ್ತು ತಿಳಿದದ್ದು, ಅತ್ತೆ ಆರಾಮ ಕುರ್ಚಿಯಲ್ಲಿ ಕೂತು ಆ ರಾಶಿಗಳನ್ನು ನೋಡುತ್ತಾ ತಾವು ಯಾವುದರಲ್ಲಿ ಇದ್ದೇವೆಂದು ತಾವೇ ನಿರ್ಧರಿಸಿಬಿಟ್ಟಿದ್ದರು.

ಆ ರಾತ್ರಿ ಊಟಕ್ಕೆ ಕೂತಾಗ ನಾನೇ ಬಾಯಿ ಬಿಟ್ಟೆ. "ಅತ್ತೆ, ನಾವು ನಿಮ್ಮನ್ನು ಕೇಳದೆ ಮಾತಾಡಿದ್ದು ತಪ್ಪು. ಈಗ ಕೇಳ್ತೇನೆ. ನಿಮಗೆ ಏನು ಮಾಡಬೇಕು ಅಂತ ಇದೆ?" ಅವರು ಅಳುತ್ತಾರೆ ಎಂದುಕೊಂಡಿದ್ದೆ. 53 ವರ್ಷ ಮುಂಬಯಿಯಲ್ಲಿ ಕಳೆದವರು, ಈ ಊರು ಬಿಟ್ಟು ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಸಾರು ಕಲಸಿದ ಅನ್ನ ಮುಗಿಸಿ, ಕೈ ತೊಳೆದು ಬಂದು ಕೂತು ಹೇಳಿದರು:

"ನಾನು ದೆಹಲಿಗೆ ಬರ್ತೇನೆ. ಆದ್ರೆ ಕೆಳಗಿನ ಮನೆ ನೋಡಿ. ಈ ಮೂರನೇ ಮಹಡಿಯಿಂದ ನಾನು ಇಳಿಯುವುದು ವರ್ಷಕ್ಕೆ ಎರಡು ಸಲ, ಡಾಕ್ಟರ ಹತ್ರ. ಮುಂಬಯಿ ಬಿಡುವುದು ಎಂತದ್ದು ಮಾರಾಯ್ತಿ? ನಾನು ಮುಂಬಯಿ ನೋಡದೆ ನಾಲ್ಕು ವರ್ಷ ಆಯ್ತು. ನೋಡುವುದು ಬರೀ ಎದುರಿನ ಬಿಲ್ಡಿಂಗಿನ ಬಟ್ಟೆ."

ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವ ನಮಗೆ ಆ ಮೆಟ್ಟಿಲು ಲೆಕ್ಕಕ್ಕೇ ಇರಲಿಲ್ಲ.

ಆಮೇಲೆ ಅವರು ನನ್ನ ಕಡೆ ತಿರುಗಿ, "ನನ್ನನ್ನು ಕೇಳಿದ್ದು ಸರಿ. ನಿನ್ನನ್ನು ಯಾರಾದ್ರೂ ಕೇಳಿದ್ರಾ? ನಿನ್ನ ಕೆಲಸ?" ಎಂದರು.

ಗೆಳತಿಯರೆ, ನಾನು ಹನ್ನೆರಡು ವರ್ಷದಿಂದ ಒಂದು ಸಣ್ಣ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ದೊಡ್ಡ ಸಂಬಳವಲ್ಲ. ಆದರೆ ಮಗಳ ಶಾಲೆಯ ಫೀಸು ಅದರಲ್ಲೇ ಹೋಗುತ್ತದೆ. ಆ ಎರಡು ರಾತ್ರಿ ಹಾಕಿದ ಲೆಕ್ಕದಲ್ಲಿ ಬಾಡಿಗೆ ಇತ್ತು, ಫೀಸು ಇತ್ತು, ಲಾರಿ ಖರ್ಚು ಇತ್ತು. ನನ್ನ ಕೆಲಸದ ಎದುರು ಯಜಮಾನರು ಬರೆದದ್ದು ಒಂದೇ ಮಾತು, "ಅಲ್ಲೂ ಸಿಗುತ್ತೆ." ಲೆಕ್ಕ ಬರೆಯುವವಳಾದ ನಾನೂ ಆ ಸಾಲಿಗೆ ಸರಿ ಎಂದು ಗುರುತು ಹಾಕಿದ್ದೆ.

ಅತ್ತೆ ಕೇಳಿದಾಗ ಊಟದ ಮೇಜಿನಲ್ಲಿ ಯಾರೂ ಮಾತಾಡಲಿಲ್ಲ. ಯಜಮಾನರು ಸ್ವಲ್ಪ ಹೊತ್ತಿನ ನಂತರ, "ಕೇಳಬೇಕು ಅಂತ ಹೊಳೆಯಲೇ ಇಲ್ಲ" ಎಂದರು. ನನಗೆ ಸಿಟ್ಟು ಬರಬೇಕಿತ್ತು. ಆದರೆ ಅತ್ತೆಯವರ ವಿಷಯದಲ್ಲಿ ನನ್ನ ಬಳಿ ಇದ್ದದ್ದೂ ಅದೇ ಉತ್ತರ. ಹಾಗಾಗಿ ಬಯ್ಯುವ ಬದಲು ಕೂತು ಮಾತಾಡಿದೆವು. ಮಗಳು ಕೂಡ ಆಗಲೇ ಬಾಯಿ ಬಿಟ್ಟಳು. ಅವಳ ಗೆಳತಿಯರು, ಜಗಳ, ಗುಟ್ಟು ಎಲ್ಲ ಮರಾಠಿಯಲ್ಲಿ. ಮನೆಯಲ್ಲಿ ಕನ್ನಡ, ಕೆಳಗೆ ಅಂಗಳದಲ್ಲಿ ಮರಾಠಿ. "ಅಲ್ಲಿ ನನ್ನ ಮರಾಠಿ ಯಾರ ಹತ್ರ ಮಾತಾಡ್ಲಿ?" ಎಂದಳು. ಮಕ್ಕಳು ಕನ್ನಡ ಮರೆಯುತ್ತಾರೆ ಎಂದು ಈ ಕೂಟದಲ್ಲಿ ನಾವು ಎಷ್ಟು ಸಲ ಚಿಂತೆ ಮಾಡಿದ್ದೇವೆ. ಅವಳು ಮರಾಠಿ ಕಳೆದುಕೊಳ್ಳುತ್ತಾಳೆ ಎಂದು ನಾನು ಯೋಚಿಸಿರಲೇ ಇಲ್ಲ. ವಾರಕ್ಕೊಮ್ಮೆ ಗೆಳತಿಯರಿಗೆ ವಿಡಿಯೋ ಕಾಲ್, ದೀಪಾವಳಿ ರಜೆಯಲ್ಲಿ ಒಂದು ಸಲ ಇಲ್ಲಿಗೆ ಬರುವುದು, ಇಷ್ಟಕ್ಕೆ ಒಪ್ಪಿದ್ದಾಳೆ. ಪೂರ್ತಿ ಸಮಾಧಾನ ಆಗಿಲ್ಲ.

ನನ್ನ ಕಚೇರಿಯಲ್ಲಿ, ಮನೆಯಿಂದಲೇ ಲೆಕ್ಕ ನೋಡಿಕೊಡಲೇ ಎಂದು ಕೇಳಿದ್ದೇನೆ. "ನೋಡೋಣ" ಎಂದಿದ್ದಾರೆ. ಇವತ್ತಿನವರೆಗೆ ಉತ್ತರ ಬಂದಿಲ್ಲ. ಬಾರದೇ ಇರಬಹುದು. ಆದರೆ ನಮ್ಮ ಲೆಕ್ಕದ ಹಾಳೆಯಲ್ಲಿ "ಅಲ್ಲೂ ಸಿಗುತ್ತೆ" ಎಂಬುದನ್ನು ಹೊಡೆದು ಹಾಕಿ, "ಆರು ತಿಂಗಳು ಸಂಬಳ ಇಲ್ಲ" ಎಂದು ಬರೆದೆವು. ಆಗ ಬಾಡಿಗೆಯ ಮಿತಿ ಇಳಿಯಿತು. ಸಿಕ್ಕಿದ್ದು ಸ್ವಲ್ಪ ದೂರದ, ಹಳೆಯ, ನೆಲಮಹಡಿಯ ಮನೆ. ಮುಂದೆ ನಾಲ್ಕಡಿ ಅಂಗಳ ಇದೆ. ಫೋಟೋ ನೋಡಿದ ಅತ್ತೆ ತುಳಸಿ ಎಲ್ಲಿ ಎಂದು ಬೆರಳಿಟ್ಟು ತೋರಿಸಿದರು.

ಸರಿ, ಸಲಹೆ ಕೊಡುತ್ತೇನೆ ಎಂದು ಒಪ್ಪಿಕೊಂಡು ಬಂದವಳು. ಬೇಗ ಹೇಳಿಬಿಡುತ್ತೇನೆ, ಬೇಕಾದವರು ಬರೆದುಕೊಳ್ಳಿ.

ಸಾಮಾನು ಸಾಗಿಸುವವರು ಎರಡು ಮೂರು ಕಡೆಯವರು ಮನೆಗೆ ಬಂದು ನೋಡಿ ರೇಟು ಕೊಡಲಿ. ವಿಮೆ ಇದೆ ಎಂಬ ಬಾಯಿಮಾತು ಸಾಲದು, ಕಾಗದದಲ್ಲಿ ಬೇಕು. ಪ್ರತಿ ಪೆಟ್ಟಿಗೆಗೆ ನಂಬರು ಹಾಕಿ, ಒಂದು ಪಟ್ಟಿ ನಿಮ್ಮ ಕೈಯಲ್ಲಿ ಇರಲಿ. ಮಳೆಗಾಲವಾದರೆ ಮುಚ್ಚಿದ ಲಾರಿಯನ್ನೇ ಕೇಳಿ. ಫ್ರಿಜ್ಜನ್ನು ಹಿಂದಿನ ದಿನವೇ ಖಾಲಿ ಮಾಡಿ, ಆಫ್ ಮಾಡಿ ಒಣಗಿಸಿ. ಗ್ಯಾಸ್ ಸಿಲಿಂಡರ್ ಸಾಮಾನಿನ ಜೊತೆ ಹೋಗುವಂತಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ, ಠೇವಣಿ ವಾಪಸ್ ಪಡೆದು, ವರ್ಗಾವಣೆ ಚೀಟಿ ತೆಗೆದುಕೊಂಡರೆ ಹೊಸ ಊರಿನಲ್ಲಿ ಅದನ್ನು ತೋರಿಸಿ ಸಂಪರ್ಕ ಪಡೆಯಬಹುದು. ಗಾಡಿ ಒಯ್ಯುವವರು ಇಲ್ಲಿಯ ಆರ್‌ಟಿಓದಿಂದ ಎನ್‌ಓಸಿ ಮಾಡಿಸಿ. ಶಾಲೆಯ ಟಿಸಿ, ಒಡವೆ, ಕಾಗದಪತ್ರ, ಔಷಧಿ ಕೈಚೀಲದಲ್ಲೇ ಇರಲಿ. ಹಿರಿಯರಿಗೆ ಎರಡು ತಿಂಗಳ ಮಾತ್ರೆ ಮೊದಲೇ ತೆಗೆದಿಡಿ, ಡಾಕ್ಟರರಿಂದ ಒಂದು ಸಾರಾಂಶ ಬರೆಸಿಕೊಳ್ಳಿ. ಉತ್ತರದ ಕಡೆ ಹೋಗುವವರಿಗೆ ಇನ್ನೊಂದು: ಚಳಿಗಾಲದಲ್ಲಿ ತೆಂಗಿನೆಣ್ಣೆ ಕಲ್ಲಾಗುತ್ತದೆ, ಇಡ್ಲಿ ಹಿಟ್ಟು ಉಬ್ಬಲು ಹಟ ಮಾಡುತ್ತದೆ. ಇದು ಅಲ್ಲಿರುವ ಕನ್ನಡದವರು ಫೋನಿನಲ್ಲಿ ಕೊಟ್ಟ ಎಚ್ಚರಿಕೆ. ಹೆದರಬೇಡಿ, ಆರ್.ಕೆ. ಪುರಂನಲ್ಲಿ ದೆಹಲಿ ಕರ್ನಾಟಕ ಸಂಘ ಇದೆ, ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆ ಇದೆ. ಕುಚಲಕ್ಕಿ ಎಲ್ಲಿ ಸಿಗುತ್ತದೆ ಎಂದು ಹೇಳಲು ಜನ ಇದ್ದಾರೆ.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಒಂದಿದೆ, ನಾನು ಅದನ್ನು ಕೊನೆಗೆ ಮಾಡಿದೆ. ರಾಶಿ ಹಾಕುವ ಮೊದಲು ಮನೆಯವರೆಲ್ಲ ಒಟ್ಟಿಗೆ ಕೂತು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿ. ಅತ್ತೆಯನ್ನು, ಮಕ್ಕಳನ್ನು ಕೇಳಿ. ನಿಮ್ಮನ್ನು ಯಾರೂ ಕೇಳದಿದ್ದರೆ ನೀವಾಗಿಯೇ ಹೇಳಿ. ಕೇಳಿದ ಮಾತ್ರಕ್ಕೆ ಎಲ್ಲವೂ ಎಲ್ಲರಿಗೆ ಬೇಕಾದಂತೆ ಆಗುವುದಿಲ್ಲ. ನಮ್ಮ ಮನೆಯಲ್ಲೂ ಆಗಿಲ್ಲ. ಆದರೆ ಈಗ ಮಂಚದ ಕೆಳಗೆ ಚೀಲ ಇಲ್ಲ. ಅದರಲ್ಲಿದ್ದ ಸೀರೆಗಳು ಕಪಾಟಿಗೆ ವಾಪಸ್ ಹೋಗಿವೆ.

ರುಬ್ಬುವ ಕಲ್ಲಿನ ಕಥೆ ಏನಾಯಿತು ಎಂದು ಕೇಳುತ್ತೀರಿ. ನಾನು ದೊಡ್ಡ ಮನಸ್ಸು ಮಾಡಿ, "ಅತ್ತೆ, ಕಲ್ಲನ್ನೂ ಒಯ್ಯೋಣ" ಎಂದೆ. "ಅದು ಯಾಕೆ? ಅದರಲ್ಲಿ ರುಬ್ಬಿ ರುಬ್ಬಿ ನನ್ನ ಭುಜ ಹೋಗಿದೆ, ಯಾರಿಗಾದ್ರೂ ಕೊಡು" ಎಂದರು! ಕೆಳಗಿನ ಮಹಡಿಯ ತಮಿಳು ಕುಟುಂಬದವರು ಸಂತೋಷದಿಂದ ತೆಗೆದುಕೊಂಡರು.

1972ರಲ್ಲಿ ಅತ್ತೆಯವರು ಮುಂಬಯಿಗೆ ಬಂದಾಗ "ಬರ್ತೀಯಾ?" ಎಂದು ಅವರನ್ನು ಯಾರೂ ಕೇಳಿರಲಿಲ್ಲವಂತೆ. ಮೊನ್ನೆ ರೈಲಿನ ಟಿಕೆಟ್ ಮಾಡಿಸುವಾಗ ಯಜಮಾನರು ಅವರ ಹತ್ತಿರ ಹೋಗಿ, "ಅಮ್ಮ, ರಾತ್ರಿ ಗಾಡಿ ಆಗ್ಬಹುದಾ?" ಎಂದು ಕೇಳಿದರು. ಅತ್ತೆ ಸ್ವಲ್ಪ ಗತ್ತಿನಿಂದಲೇ, "ಕೆಳಗಿನ ಬರ್ತ್ ಇದ್ರೆ ಆಗ್ಬಹುದು" ಎಂದರು.

ಮುಂದಿನ ಶನಿವಾರ, ಭಾನುವಾರ ನಮ್ಮ ಮನೆ ತೆರೆದಿರುತ್ತದೆ. ಸ್ಟೀಲ್ ತಟ್ಟೆ, ಪುಸ್ತಕ, ಮೂರು ಮಲ್ಲಿಗೆ ಕುಂಡ ಇವೆ. ಬೇಕಾದವರು ಬಂದು ಒಯ್ಯಿರಿ. ಡಬ್ಬಗಳೂ ಇವೆ. ಮುಚ್ಚಳ ಸಿಗುವುದು ನಿಮ್ಮ ನಿಮ್ಮ ಅದೃಷ್ಟ.

ಹದಿನೈದು ವರ್ಷ ನನ್ನನ್ನು ನಿಮ್ಮವಳೆಂದು ಕಂಡಿದ್ದೀರಿ.