ರಕ್ಕಸ-ತಂಗಡಿ: ಯಾರ ಮಾತು ಎಷ್ಟು ನಂಬೋಣ?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಆ ಹೆಸರಿನ ಸಾಮ್ರಾಜ್ಯ ಸೋತ 1565ರ ರಕ್ಕಸ-ತಂಗಡಿ ಯುದ್ಧವನ್ನು ನಮ್ಮ ಮಕ್ಕಳು ಪರೀಕ್ಷೆಗೆ ಓದುತ್ತಾರೆ. ಇಸವಿ ಬಾಯಿಪಾಠವಾದರೆ ಸಾಲದು. ಹೇಳಿದವರಾರು, ಯಾವಾಗ ಹೇಳಿದರು, ಯಾರ ಅನ್ನ ಉಂಡು ಹೇಳಿದರು ಎಂದು ಕೇಳಬೇಕು.

ಫೆರಿಶ್ತಾ ಗೆದ್ದ ಬಿಜಾಪುರದ ಆಸ್ಥಾನದವನು. ಯುದ್ಧವಾಗಿ ಸುಮಾರು ನಲವತ್ತು ವರ್ಷಗಳ ಮೇಲೆ ಬರೆದನು. ಅವನ ಪ್ರಕಾರ ಗೆಲುವು ತಂತ್ರದ್ದು. ಸುಲ್ತಾನರು ಬೇರೆ ಕಡೆ ದಾಟುವಂತೆ ನಟಿಸಿದರು. ಕಾವಲು ಸರಿದೊಡನೆ ಹಿಂತಿರುಗಿ ಕೃಷ್ಣೆಯನ್ನು ದಾಟಿದರು. ತೋಪುಗಳಿಗೆ ತಾಮ್ರದ ಕಾಸು ತುಂಬಿ ಸಮೀಪದಿಂದ ಹಾರಿಸಿದರು.

ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ 1567ರಲ್ಲಿ ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದನು. ರಾಮರಾಯನ ಇಬ್ಬರು ಮುಸಲ್ಮಾನ ಸರದಾರರು ಪಕ್ಷ ಬದಲಿಸಿದ್ದೇ ಸೋಲಿಗೆ ಕಾರಣವೆಂದು ಅವನ ಮಾತು. ರಣರಂಗವನ್ನು ಅವನು ಕಂಡಿರಲಿಲ್ಲ. ಅದು ಕೇಳಿ ಬರೆದದ್ದು. ಊರನ್ನು ಮಾತ್ರ ಕಣ್ಣಾರೆ ಕಂಡನು: ಮನೆಗಳು ನಿಂತಿದ್ದವು, ಒಳಗೆ ಜನರಿರಲಿಲ್ಲ. ಒಬ್ಬನೇ ಸಾಕ್ಷಿಯ ಎರಡು ಮಾತಿಗೂ ಒಂದೇ ತೂಕವಿಲ್ಲ.

ಅಂಗಡಿಯವರು ಒಂದೇ ಚೀಟಿ ನೋಡಿ ಬಾಕಿ ಒಪ್ಪುವುದಿಲ್ಲ. ಮಿಲ್ಲಿನವರು ಹಾಜರಿ ನೋಡದೆ ಸಂಬಳಕ್ಕೆ ರುಜು ಹಾಕುವುದಿಲ್ಲ. ಚರಿತ್ರೆಗೆ ಮಾತ್ರ ಏಕೆ ಕಣ್ಣುಮುಚ್ಚಬೇಕು? ಆ ಇಬ್ಬರು ಸರದಾರರ ಮಾತನ್ನೇ ಹಿಡಿದು ಇಂದಿನ ನೆರೆಯವನನ್ನು ದ್ರೋಹಿ ಎನ್ನುವವರಿದ್ದಾರೆ. ಎರಡು ದಂಡುಗಳಲ್ಲೂ ಎರಡೂ ಮತದವರಿದ್ದರೆಂಬುದನ್ನು ಅವರು ಹೇಳುವುದಿಲ್ಲ.

ಆದ್ದರಿಂದ ನಮ್ಮ ಮಕ್ಕಳು ಫೆರಿಶ್ತಾ ಹೇಳಿದ್ದನ್ನೂ ಫ್ರೆಡರಿಕ್ ಹೇಳಿದ್ದನ್ನೂ ಬೇರೆ ಬೇರೆ ಬರೆಯಲಿ. ಯಾವುದನ್ನು ಎಷ್ಟು ನಂಬಿದೆವೆಂದು ಕಾರಣ ಕೊಡಲಿ. ಅಂಕವೂ ಬಂದೀತು, ವಿವೇಕವೂ ಉಳಿದೀತು.