ಠಾಣೆಯಲ್ಲಿ ಹುಡುಗನ ‘ಹೂಂ’

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಊರೊಂದರಲ್ಲಿ ಹೊಲದ ಪಂಪು ಕಳುವಾಯಿತೆಂದು ಇಟ್ಟುಕೊಳ್ಳಿರಿ. ಹದಿನಾರು ವರ್ಷದ ಹುಡುಗನನ್ನು ಠಾಣೆಗೆ ಕರೆದೊಯ್ದಿದ್ದಾರೆ. “ವಕೀಲರನ್ನು ಕೇಳುವ ಹಕ್ಕು ನಿನಗುಂಟು, ತಿಳಿಯಿತೆ?” ಎಂದು ಫೌಜದಾರರು ಕೇಳುತ್ತಾರೆ. “ಹೂಂ ರೀ” ಎನ್ನುತ್ತಾನೆ ಹುಡುಗ. ಅವನಿಗೆ ನಿಜವಾಗಿ ತಿಳಿಯಿತೆ? ಹಿರಿಯರು ಕೇಳಿದಾಗ ಹೂಂ ಎನ್ನಬೇಕೆಂದು ಕಲಿಸಿದವರು ನಾವೇ. ಆ ಹೂಂ ಮರ್ಯಾದೆಯದು, ತಿಳಿವಳಿಕೆಯದಲ್ಲ.

ಇದು ನಮ್ಮಲ್ಲಿಯ ಮಾತಷ್ಟೇ ಅಲ್ಲ. ಸುಮ್ಮನಿರುವ ಮತ್ತು ವಕೀಲರನ್ನು ಪಡೆಯುವ ಹಕ್ಕು ಮಕ್ಕಳಿಗೂ ಉಂಟೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ಹೇಳಿತು. ಮುಂದೆ ಥಾಮಸ್ ಗ್ರಿಸ್ಸೊ ಎಂಬ ಮನಃಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದಾಗ, ಹದಿನೈದರೊಳಗಿನ ಮಕ್ಕಳಲ್ಲಿ ಬಹಳ ಜನರಿಗೆ ಆ ಹಕ್ಕು ಸರಿಯಾಗಿ ತಿಳಿದಿರಲಿಲ್ಲ. ನ್ಯಾಯಾಧೀಶರು ಕೇಳಿದರೆ ಸುಮ್ಮನಿರುವ ಹಕ್ಕು ಹೋಗುತ್ತದೆಂದೇ ಅನೇಕರು ನಂಬಿದ್ದರು.

ನಮ್ಮ ಕಾನೂನು ಏನೆನ್ನುತ್ತದೆ? 2015ರ ಬಾಲನ್ಯಾಯ ಕಾಯ್ದೆಯಂತೆ ಹದಿನೆಂಟು ತುಂಬದವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ತಂದೆತಾಯಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಬೇಡಿ ಹಾಕಬಾರದು, ತಪ್ಪೊಪ್ಪಿಕೊಳ್ಳೆಂದು ಒತ್ತಾಯಿಸಬಾರದು, ಹೇಳಿಕೆಗೆ ಸಹಿ ಮಾಡಿಸಬಾರದು ಎನ್ನುತ್ತವೆ 2016ರ ಮಾದರಿ ನಿಯಮಗಳು. ವಿಚಾರಣೆಯ ವೇಳೆ ತಂದೆತಾಯಿ ಜೊತೆಗಿರಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. ವಯಸ್ಸಿನ ತಕರಾರು ಬಂದರೆ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ನೆರವಿಗೆ ಬರುತ್ತದೆ, ಅದನ್ನು ಜೋಪಾನವಾಗಿಡಿರಿ.

ಇಷ್ಟೆಲ್ಲ ಕಾಗದದ ಮೇಲಿದೆ. ಹೆದರಿದ ಹುಡುಗನ ನಾಲಗೆಯ ಮೇಲೆ ಇಲ್ಲ. ಬೇಗ ಮನೆಗೆ ಹೋಗಬೇಕೆಂಬ ಆಸೆಗೆ ಮಾಡದ ತಪ್ಪನ್ನೂ ಅವನು ಒಪ್ಪಿಯಾನು. ಒಂದು ಹೂಂನಿಂದ ಅವನ ಶಾಲೆ, ಮನೆತನದ ಹೆಸರು, ಮುಂದಿನ ಬಾಳು ಎಲ್ಲವೂ ತೊಡಕಿಗೆ ಬೀಳಬಹುದು.

ಆದುದರಿಂದ ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳಿಗೆ ಈ ಮಾತು ಕಲಿಸಿರಿ: “ನಮ್ಮಪ್ಪಗ ತಿಳಸ್ರಿ. ವಕೀಲ್ರು ಬರೂತನಕ ನಾ ಏನೂ ಹೇಳೂದಿಲ್ರಿ. ಸಹಿ ಮಾಡೂದಿಲ್ರಿ.” ಇದರಲ್ಲಿ ಅವಿಧೇಯತೆಯೇನೂ ಇಲ್ಲ. ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯನ್ನೂ ಬಾಯಿಪಾಠ ಮಾಡಿಸಿರಿ. ಬಳಿಕ “ತಿಳಿಯಿತೆ?” ಎಂದು ಕೇಳಬೇಡಿರಿ, ಮತ್ತೆ ಹೂಂ ಎಂದಾರು. “ನಿನಗೆ ತಿಳಿದದ್ದನ್ನು ನಿನ್ನ ಮಾತಿನಲ್ಲಿ ಹೇಳು” ಎನ್ನಿರಿ. ಅವರು ಹೇಳಿದರೆ, ಹಕ್ಕು ಅವರದಾಯಿತು.